ಬೊಲೆಸ್ವಾವ್ಯೆತ್ಸ್‌ನ ಊಟದ ಪಾತ್ರೆಗಳು: ಚಿತ್ತಾರ ಇರುವುದು ಲೇಪದ ಕೆಳಗೆ

ಬಿಳಿ ಮೈಮೇಲೆ ಕಡುನೀಲಿ ಚುಕ್ಕಿಗಳ ಸಾಲು ಹೊತ್ತ ಪೋಲೆಂಡಿನ ತಟ್ಟೆ, ಬಟ್ಟಲುಗಳನ್ನು ಪಿಂಗಾಣಿ ಎಂದು ಕರೆಯುವುದು ಹೊಸದಾಗಿ ಕಲಿಯುವವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಇವು ಸ್ಟೋನ್‌ವೇರ್, ಅಂದರೆ ಹೆಚ್ಚಿನ ಉರಿಯಲ್ಲಿ ಬೆಂದು ಕಲ್ಲಿನಂತೆ ಗಟ್ಟಿಯಾಗಿ, ನೀರನ್ನು ಬಹುಮಟ್ಟಿಗೆ ಹೀರದಂತಾಗುವ ಮಣ್ಣಿನ ಪಾತ್ರೆಗಳು. ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿಯೂ ಇದೇ ಜಾತಿಯದಾದ್ದರಿಂದ, ಉಪ್ಪು ಹುಳಿಗಳಿಗೆ ಜಗ್ಗದ ಅದರ ಗುಣವನ್ನು ನೆನೆದರೆ ಈ ಪಾತ್ರೆಗಳ ಗಟ್ಟಿತನ ಸುಲಭವಾಗಿ ಅರ್ಥವಾಗುತ್ತದೆ.

ಇವುಗಳ ತವರು ನೈಋತ್ಯ ಪೋಲೆಂಡಿನ ಬೊಲೆಸ್ವಾವ್ಯೆತ್ಸ್ ಪಟ್ಟಣ. 1945ರವರೆಗೆ ಅದು ಜರ್ಮನಿಗೆ ಸೇರಿದ್ದು, ಬುಂಟ್ಸ್‌ಲೌ ಎಂಬ ಹೆಸರಿನಲ್ಲಿತ್ತು. ಅಲ್ಲಿಯ ಹಳೆಯ ಕುಂಬಾರರ ಹೆಸರು ನಿಂತದ್ದು ಕಂದು ಲೇಪದ ಹೂಜಿ, ಗಡಿಗೆಗಳ ಮೇಲೆ; ಅಚ್ಚಿನ ಚಿತ್ತಾರದ ನೀಲಿ ಪಾತ್ರೆಗಳು ಹೆಚ್ಚಾಗಿ ಬಂದದ್ದು ಆಮೇಲೆ. 1897ರಲ್ಲಿ ಅಲ್ಲಿ ಸೆರಾಮಿಕ್ ಶಾಲೆಯೊಂದು ಆರಂಭವಾಯಿತು. ಎರಡನೆಯ ಮಹಾಯುದ್ಧದ ನಂತರ ಜರ್ಮನ್ನರು ಊರು ಬಿಡಬೇಕಾಯಿತು. ಅವರ ಜಾಗಕ್ಕೆ ಬಂದು ನೆಲೆಸಿದ ಪೋಲಿಶ್ ಜನರು ಆ ಕಸುಬನ್ನು ಮತ್ತೆ ಎತ್ತಿ ನಿಲ್ಲಿಸಿದರು. ಊರಿನ ಜನರೇ ಬದಲಾದರೂ ಕಸುಬು ಉಳಿಯಿತೆಂಬುದು ಈ ಪಾತ್ರೆಗಳ ಕಥೆಯಲ್ಲಿ ನನ್ನನ್ನು ಅತ್ಯಂತ ಕಲಕಿದ ಸಂಗತಿ.

ಈಗ ತಯಾರಿಕೆಯ ಕ್ರಮವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಮುಖ್ಯವಾದದ್ದು ಇಲ್ಲಿದೆ. ಒಣಗಿದ ಪಾತ್ರೆಯನ್ನು ಮೊದಲು ಕಡಿಮೆ ಉರಿಯಲ್ಲಿ ಸುಡುತ್ತಾರೆ. ಆಗ ಅದು ಗಡುಸಾಗುತ್ತದೆ, ಆದರೆ ಇನ್ನೂ ನೀರು ಹೀರುತ್ತದೆ. ಚಿತ್ತಾರ ಹಾಕುವವರು ಸ್ಪಂಜಿನ ತುಂಡನ್ನು ಕತ್ತರಿಸಿ ಮಾಡಿದ ಪುಟ್ಟ ಅಚ್ಚನ್ನು ಬಣ್ಣದಲ್ಲಿ ಅದ್ದಿ, ಪಾತ್ರೆಯನ್ನು ತಿರುಗಿಸುತ್ತಾ ಒಂದರ ಪಕ್ಕ ಒಂದರಂತೆ ಒತ್ತುತ್ತಾರೆ. ಎಳೆಗಳನ್ನೂ ಅಂಚುಗಳನ್ನೂ ಕುಂಚದಿಂದ ಬರೆಯುತ್ತಾರೆ. ಆದ್ದರಿಂದ ಈ ಪಾತ್ರೆಗಳ ಬಗ್ಗೆ ಹೇಳುವ ‘ಕೈಯಿಂದ ಚಿತ್ರಿಸಿದ್ದು’ ಎಂಬ ಮಾತಿನಲ್ಲಿ ಕುಂಚಕ್ಕಿಂತ ಅಚ್ಚಿನ ಪಾಲೇ ಹೆಚ್ಚು. ಮಣ್ಣು ಬಣ್ಣವನ್ನು ಥಟ್ಟನೆ ಹೀರಿಕೊಳ್ಳುವುದರಿಂದ, ಒತ್ತಿದ ಗುರುತನ್ನು ಒರೆಸಿ ತಿದ್ದುವುದು ಕಷ್ಟ. ನವಿಲುಗಣ್ಣು ಎಂಬ ಪ್ರಸಿದ್ಧ ಮಾದರಿಯ ಬಟ್ಟಲೊಂದನ್ನು ಅಂಚಿನ ಸುತ್ತ ಗಮನವಿಟ್ಟು ನೋಡಿದರೆ, ಒಂದು ಕಣ್ಣು ಇನ್ನೊಂದಕ್ಕೆ ಕೂದಲೆಳೆಯಷ್ಟು ಹತ್ತಿರ ಬಿದ್ದಿರುವುದು ಸಿಗಬಹುದು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ, ಅದು ಕೈಯ ಅಳತೆ.

ಚಿತ್ತಾರವಾದ ಮೇಲೆ ಪಾತ್ರೆಯನ್ನು ಗಾಜಿನ ಲೇಪದ ದ್ರಾವಣದಲ್ಲಿ ಅದ್ದುತ್ತಾರೆ. ಆಗ ಬಣ್ಣ ಲೇಪದಡಿ ಮರೆಯಾಗುತ್ತದೆ. 1200 ಡಿಗ್ರಿ ಸೆಲ್ಸಿಯಸ್ ಮೀರಿದ ಎರಡನೆಯ ಸುಡುವಿಕೆಯಲ್ಲಿ ಆ ಲೇಪ ಕರಗಿ ಪಾರದರ್ಶಕ ಗಾಜಾದಾಗ ಕೆಳಗಿನ ನೀಲಿ ಮತ್ತೆ ಕಾಣಿಸುತ್ತದೆ. ಆ ನೀಲಿ ಬರುವುದು ಕೋಬಾಲ್ಟ್‌ನಿಂದ. ಅಷ್ಟು ಉರಿಯನ್ನೂ ತಾಳಿ ಬಣ್ಣ ಉಳಿಸಿಕೊಳ್ಳುವುದು ಅದರ ವಿಶೇಷ. ಚಿತ್ತಾರ ಗಾಜಿನ ಕೆಳಗಿರುವುದರಿಂದಲೇ ಚಮಚ, ಚಾಕುಗಳು ಅದನ್ನು ಮುಟ್ಟಲಾರವು. ದಿನವೂ ಉಂಡು ತೊಳೆದರೂ ಅದು ಸವೆಯುವುದಿಲ್ಲ.

ತಟ್ಟೆಯನ್ನು ಕವುಚಿ ಹಾಕಿ ತಳದ ಉಂಗುರವನ್ನು ಬೆರಳಿನಿಂದ ಸವರಿರಿ. ಅಷ್ಟು ಭಾಗ ಮಾತ್ರ ಒರಟಾಗಿರುತ್ತದೆ: ಕರಗಿದ ಗಾಜು ಪಾತ್ರೆ ಸುಡುವ ಗೂಡಿನ ಹಲಗೆಗೆ ಅಂಟಿಕೊಳ್ಳದಿರಲೆಂದು ಅಲ್ಲಿಯ ಲೇಪವನ್ನು ಮೊದಲೇ ಒರೆಸಿರುತ್ತಾರೆ.