ಅಣ್ಣನ ಅಂಕಕಾರ

ಕಲ್ಯಾಣ ಚಾಲುಕ್ಯರ ಕಾಲದ ಶಾಸನವೊಂದರ ಪಡಿಯಚ್ಚು ಕೈಗೆ ಬಂದಾಗ ನಾನು ಮೊದಲ ನಾಲ್ಕೈದು ಸಾಲುಗಳಲ್ಲಿಯೇ ಬಹಳ ಹೊತ್ತು ನಿಲ್ಲುತ್ತೇನೆ. 'ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ' ಎಂದು ತೊಡಗಿ 'ಆಚಂದ್ರಾರ್ಕತಾರಂಬರಂ ಸಲುತ್ತಮಿರೆ' ಎಂದು ಮುಗಿಯುವ, ದೊರೆಯ ಆಳ್ವಿಕೆಯನ್ನು ಸಾರುವ ಈ ಭಾಗವು ನೂರಾರು ಕಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಇರುವುದರಿಂದ, ಹೊಸದಾಗಿ ಓದಲು ಕಲಿಯುವವರು ಅದನ್ನು ದಾಟಿ ಭೂಮಿ, ಸುಂಕ, ದೇವಾಲಯಗಳ ವಿವರಕ್ಕೆ ಹೋಗಿಬಿಡುತ್ತಾರೆ. ದಾನ ಕೊಟ್ಟ ಗಾವುಂಡನೋ ದಂಡನಾಯಕನೋ ಆ ದಿನ ಯಾರನ್ನು ದೊರೆಯೆಂದು ಒಪ್ಪಿದ್ದನು, ಆ ದೊರೆಯ ಕೆಳಗೆ 'ತತ್ಪಾದಪದ್ಮೋಪಜೀವಿ', ಅಂದರೆ ಅವನ ಪಾದಕಮಲವನ್ನು ಆಶ್ರಯಿಸಿ ಬಾಳುವವನು, ಎಂದು ಯಾರನ್ನು ಹೆಸರಿಸಿದನು ಎಂಬುದು ತಿಳಿಯುವುದು ಅಲ್ಲಿಯೇ. ಅರಮನೆಯ ದಾಯಾದಿ ಜಗಳ ಹಳ್ಳಿಯ ಕಲ್ಲಿನವರೆಗೆ ಬರುವ ದಾರಿ ಅದು.

1068ರ ಮಾರ್ಚ್ ಕೊನೆಯಲ್ಲಿ, ಆಹವಮಲ್ಲನೆಂಬ ಬಿರುದಿನ ಒಂದನೆಯ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿಯಾದನು. ಎರಡು ವಾರ ತುಂಬುವ ಮೊದಲೇ, ಏಪ್ರಿಲ್ 11ರಂದು, ಹಿರಿಯ ಮಗನಾದ ಭುವನೈಕಮಲ್ಲ ಎರಡನೆಯ ಸೋಮೇಶ್ವರನಿಗೆ ಪಟ್ಟವಾಯಿತು. ಅವಸರಕ್ಕೆ ಕಾರಣವಿತ್ತು. ರಾಜಕುಮಾರರನ್ನು ಎಳೆಯ ವಯಸ್ಸಿನಲ್ಲಿಯೇ ಒಂದೊಂದು ನಾಡಿನ ಆಳ್ವಿಕೆಗೆ ಕಳುಹಿಸುವುದು ಚಾಲುಕ್ಯರ ರೂಢಿಯಾಗಿತ್ತು. ಹಿರಿಯನು ಬೆಳ್ವೊಲ, ಪುಲಿಗೆರೆಗಳಲ್ಲಿಯೂ ಎರಡನೆಯವನಾದ ವಿಕ್ರಮಾದಿತ್ಯನು ಗಂಗವಾಡಿಯಲ್ಲಿಯೂ ಬೆಳೆದು, ತಮ್ಮ ತಮ್ಮ ದಂಡನ್ನೂ ನಂಬಿಕೆಯ ಸಾಮಂತರನ್ನೂ ಕಟ್ಟಿಕೊಂಡಿದ್ದರು. ತಂದೆ ಇರುವವರೆಗೆ ಇದು ರಾಜ್ಯದ ಬಲ, ತಂದೆ ಹೋದ ಮರುದಿನದಿಂದ ಇದೇ ಪಾಲಿನ ಜಗಳದ ಬಂಡವಾಳ.

ವಿಕ್ರಮಾದಿತ್ಯನ ಪಕ್ಷದ ಕಥೆಯನ್ನು ನಮಗೆ ಹೇಳುವವನು ಕಾಶ್ಮೀರದಿಂದ ಬಂದು ಅವನ ಆಸ್ಥಾನದಲ್ಲಿ ವಿದ್ಯಾಪತಿಯಾದ ಬಿಲ್ಹಣ. ಅವನ ಸಂಸ್ಕೃತ ಕಾವ್ಯ 'ವಿಕ್ರಮಾಂಕದೇವಚರಿತ'ದ ಪ್ರಕಾರ, ತಂದೆಯು ಯುವರಾಜಪದವಿಯನ್ನು ವಿಕ್ರಮಾದಿತ್ಯನಿಗೇ ಕೊಡಬಯಸಿದ್ದನು. ಅಣ್ಣನಿರುವಾಗ ಅದು ತನಗೆ ಸಲ್ಲದೆಂದು ಅವನು ಒಲ್ಲೆನೆಂದನು. ಕೊನೆಗೆ ಅಣ್ಣನ ದುರ್ನಡತೆ ಮಿತಿಮೀರಿದಾಗ ಶಿವನೇ ಆಜ್ಞಾಪಿಸಿದ್ದರಿಂದ ಪಟ್ಟಕ್ಕೆ ಬಂದನು. ಈ ಸಮರ್ಥನೆಯ ಭಾರವೇ ನನಗೆ ಮುಖ್ಯ ಸಾಕ್ಷಿ. ಹಿರಿಯ ಮಗನ ಹಕ್ಕು ಜನರ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ನಿಂತಿರದಿದ್ದರೆ ಕವಿಗೆ ಶಿವನನ್ನು ಕರೆಯುವ ಪ್ರಮೇಯ ಬರುತ್ತಿರಲಿಲ್ಲ.

ಎದುರು ಪಕ್ಷದ ದಾಖಲೆ ಚಾಲುಕ್ಯರ ಹಗೆಗಳಾದ ಚೋಳರದು. ಬಿಲ್ಹಣನ ಕಾವ್ಯದಲ್ಲಿ ಚೋಳರಾಜನು ವಿಕ್ರಮಾದಿತ್ಯನ ಪರಾಕ್ರಮಕ್ಕೆ ಬೆದರಿ ತಾನಾಗಿ ಮಗಳನ್ನು ಕೊಡುತ್ತಾನೆ. ವೀರರಾಜೇಂದ್ರ ಚೋಳನ ತಮಿಳು ಶಾಸನಗಳಲ್ಲಿ ಚಿತ್ರ ತಿರುಗುಮುರುಗು: ಸೋಮೇಶ್ವರನು ಕಂಠಿಕೆಯನ್ನು ಕಳಚುವ ಮೊದಲೇ ಚೋಳನು ಕಂಪಿಲಿಯನ್ನು ಸುಟ್ಟನು, ತನ್ನ ಆಶ್ರಯ ಬೇಡಿ ಬಂದ ವಿಕ್ರಮಾದಿತ್ಯನ ಕೊರಳಿಗೆ ಕಂಠಿಕೆಯನ್ನು ಕಟ್ಟಿದನು, ರಟ್ಟಪಾಡಿ ಏಳೂವರೆ ಲಕ್ಷವೆಂದು ಚೋಳರು ಕರೆಯುತ್ತಿದ್ದ ಚಾಲುಕ್ಯ ನಾಡನ್ನು ಅವನಿಗೆ ಗೆದ್ದುಕೊಟ್ಟನು. ಕಂಠಿಕೆಯೆಂದರೆ ಯುವರಾಜಪದವಿಯ ಕುರುಹಾದ ಕೊರಳ ಒಡವೆ. ಚಾಲುಕ್ಯರ ಮನೆಯಲ್ಲಿ ಚಾಲುಕ್ಯ ತಂದೆ ಕಟ್ಟಬೇಕಾದದ್ದನ್ನು ಹಗೆಯವನು ಕಟ್ಟಿದನು ಎಂದು ಹಗೆಯವನೇ ಹೆಮ್ಮೆಯಿಂದ ಬರೆಯಿಸಿಕೊಂಡಿದ್ದಾನೆ. ಹೊಗಳುಭಟರಿಬ್ಬರೂ ಉತ್ಪ್ರೇಕ್ಷೆ ಮಾಡಿದ್ದಾರೆ, ಸರಿ; ಆದರೆ ತಮ್ಮನು ಅಣ್ಣನನ್ನು ಬಿಟ್ಟು ಚೋಳನ ಕಡೆ ಸೇರಿದನೆಂಬಲ್ಲಿ ಇಬ್ಬರಿಗೂ ತಕರಾರಿಲ್ಲ.

1070ರಲ್ಲಿ ಮಾವ ವೀರರಾಜೇಂದ್ರನು ತೀರಿಕೊಂಡನು. ಚೋಳ ಸಿಂಹಾಸನವು ಸ್ವಲ್ಪ ಕಾಲದಲ್ಲಿಯೇ ವೆಂಗಿಯ ಕುಲೋತ್ತುಂಗನ ಕೈಸೇರಿತು. ಸೋಮೇಶ್ವರನು ಅವನೊಂದಿಗೆ ಸ್ನೇಹ ಬೆಳೆಸಿದನು. ಹೊಯ್ಸಳ ಎರೆಯಂಗ, ಸೇವುಣಚಂದ್ರ, ಗೋವೆಯ ಕದಂಬ ಜಯಕೇಶಿ ಮೊದಲಾದ ಸಾಮಂತರು ವಿಕ್ರಮಾದಿತ್ಯನ ಕಡೆಗೆ ವಾಲಿದರು. 1076ರಲ್ಲಿ ಅಣ್ಣ ಸೆರೆಯಾದನು, ತಮ್ಮನು ತ್ರಿಭುವನಮಲ್ಲನೆಂಬ ಹೆಸರಿನಿಂದ ಪಟ್ಟವೇರಿದನು. ಅವನು ಶಕವರ್ಷವನ್ನು ಬದಿಗೆ ಸರಿಸಿ ತನ್ನದೇ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದ್ದನ್ನು ನಾನು ಕೇವಲ ವೈಭವವೆಂದು ಓದುವುದಿಲ್ಲ. ಎಣಿಕೆಯೇ ತನ್ನಿಂದ ಶುರುವಾದರೆ ಅದರ ಹಿಂದಿನ ಎಂಟು ವರ್ಷಗಳ ಅಣ್ಣನ ಆಳ್ವಿಕೆಯನ್ನು ಯಾರೂ ದಿನವೂ ನೆನೆಯಬೇಕಾಗಿಲ್ಲ.

ಮುಂದಿನದು ನನಗೆ ಬಹಳ ಹಿಡಿಸುವ ಭಾಗ. ಇವರಿಬ್ಬರ ತಮ್ಮನಾದ ಜಯಸಿಂಹನು ಈ ಜಗಳದಲ್ಲಿ ವಿಕ್ರಮಾದಿತ್ಯನ ಬೆನ್ನಿಗೆ ನಿಂತಿದ್ದನು. ಪ್ರತಿಫಲವಾಗಿ ಯುವರಾಜಪದವಿಯೂ ಬನವಾಸಿ 12000 ಎಂಬ ನಾಡಿನ ಆಳ್ವಿಕೆಯೂ ಅವನಿಗೆ ದೊರೆತವು. ಅವನ ಬಿರುದುಗಳಲ್ಲೊಂದು 'ಅಣ್ಣನಂಕಕಾರ', ಅಂದರೆ ಅಣ್ಣನ ಪರವಾಗಿ ಅಂಕಕ್ಕೆ ಇಳಿಯುವ ಕಾಳಗದ ಆಳು. ಕೋಳಿ ಅಂಕವೆಂಬ ಮಾತಿನಲ್ಲಿ ಆ ಅಂಕ ಇನ್ನೂ ಉಳಿದಿದೆ. ಮಳೆಗಾಲದ ಪಾಚಿಯನ್ನು ಉಜ್ಜಿ ತೆಗೆದ ಕಲ್ಲಿಗೆ ಒದ್ದೆ ಕಾಗದವನ್ನು ಹಚ್ಚಿ, ಕುಂಚದಿಂದ ಬಡಿದು, ಮಸಿಯ ಉಂಡೆಯನ್ನು ತಟ್ಟಿದಾಗ ಈ ಪದ ಬೆಳ್ಳಗೆ ಮೇಲೆದ್ದರೆ, ಪಕ್ಕದಲ್ಲಿ ನಿಂತ ವಿದ್ಯಾರ್ಥಿಗಳಿಗೆ ನಾನು ಕೇಳುವ ಪ್ರಶ್ನೆ ಒಂದೇ: ಯಾವ ಅಣ್ಣ? ಇಬ್ಬರು ಅಣ್ಣಂದಿರಲ್ಲಿ ಒಬ್ಬನನ್ನು ಕೆಡವಲು ಅವನು ಆಗಲೇ ನೆರವಾಗಿದ್ದನು.

ಕೆಲವೇ ವರ್ಷಗಳಲ್ಲಿ ಅವನು ಎರಡನೆಯವನ ಮೇಲೂ ತಿರುಗಿಬಿದ್ದನು. ಬಿಲ್ಹಣನು ಹೊರಿಸುವ ಆರೋಪಗಳನ್ನು ಗಮನಿಸಬೇಕು: ಪ್ರಜೆಗಳನ್ನು ಹಿಂಡಿ ಹಣ ಕೂಡಿಸಿದನು, ಸೇನೆ ಬೆಳೆಸಿದನು, ದ್ರಾವಿಡ ರಾಜನ, ಅಂದರೆ ಚೋಳನ, ಗೆಳೆತನ ಬಯಸಿದನು, ಅಣ್ಣನ ಸೈನಿಕರನ್ನು ತನ್ನತ್ತ ಸೆಳೆಯಲು ನೋಡಿದನು. ಚೋಳನ ಅಳಿಯನೇ ಆಗಿದ್ದ ದೊರೆಯ ಮುಂದೆ ಈ ಪಟ್ಟಿಯನ್ನು ಓದಿದ ಕವಿಗೆ ಧೈರ್ಯ ಹೆಚ್ಚೋ ಮರೆವು ಹೆಚ್ಚೋ, ನಾನು ತೀರ್ಮಾನಿಸಲಾರೆ. ಕೃಷ್ಣೆಯ ದಡದವರೆಗೆ ಬಂದ ಜಯಸಿಂಹನು ಕಾಳಗದಲ್ಲಿ ಸೋತು ಕಾಡು ಸೇರಿದನೆಂದೂ, ಸಿಕ್ಕಿಬಿದ್ದಾಗ ಅಣ್ಣನು ಕರುಣೆಯಿಂದ ನಡೆದುಕೊಂಡನೆಂದೂ ಕಾವ್ಯ ಹೇಳುತ್ತದೆ.

ಕಲ್ಲುಗಳು ಕರುಣೆಯ ವಿಷಯವನ್ನು ಎತ್ತುವುದಿಲ್ಲ. 1080ರ ದಶಕದ ಮೊದಲ ಕೆಲವು ವರ್ಷಗಳು ಕಳೆದ ಮೇಲೆ ಅವುಗಳಲ್ಲಿ ಜಯಸಿಂಹನ ಹೆಸರು ಕಾಣಿಸುವುದಿಲ್ಲ. ವಿಕ್ರಮಾದಿತ್ಯನು 1126ರವರೆಗೆ ಆಳಿದನು. ಬನವಾಸಿಯ ಕಡೆಯ ನಂತರದ ಶಾಸನಗಳಲ್ಲಿ, ಹಿಂದೆ ತಮ್ಮನ ಹೆಸರು ಬರುತ್ತಿದ್ದ ಜಾಗದಲ್ಲಿ, 'ತತ್ಪಾದಪದ್ಮೋಪಜೀವಿ' ಎಂದು ಅನಂತಪಾಲ, ಗೋವಿಂದರಸರಂಥ ದಂಡನಾಯಕರ ಹೆಸರುಗಳಿವೆ.