ಪದ ಪರಿಚಯ: ಹಾಟ್ ಲೈಟ್

ಫೋಟೋ ಸ್ಟುಡಿಯೋದಲ್ಲಿ ಬೆಳಕು ಎರಡು ಥರ. ಒಂದು, ಕ್ಲಿಕ್ ಮಾಡಿದಾಗ ಮಿಂಚಿ ಆರುವ ಫ್ಲಾಶ್. ಇನ್ನೊಂದು, ಸ್ವಿಚ್ ಹಾಕಿದರೆ ಆರಿಸುವ ತನಕ ಉರಿಯುತ್ತಲೇ ಇರುವ ಕಂಟಿನ್ಯುಯಸ್ ಲೈಟ್. ಇದರಲ್ಲೂ ಎಲ್‌ಇಡಿಗೆ ಮೊದಲಿನ, ಟಂಗ್‌ಸ್ಟನ್ ತಂತಿ ಕಾಯಿಸಿ ಬೆಳಕು ಕೊಡುವ ದೀಪಗಳಿಗೆ ಹಾಟ್ ಲೈಟ್ ಅನ್ನುತ್ತಾರೆ. ಹೆಸರು ಸುಮ್ನೆ ಬಂದಿದ್ದಲ್ಲ. ತಿಂದ ಕರೆಂಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಶಾಖವಾಗಿಯೇ ಹೋಗುತ್ತದೆ. 1000 ವ್ಯಾಟ್ ದೀಪದ ಮುಂದೆ ಸ್ವಲ್ಪ ಹೊತ್ತು ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಈ ದೀಪಗಳು ಈಗ ಗುಜರಿ ಅಂಗಡಿಯಲ್ಲಿ, ಬಾಗಿಲು ಹಾಕಿದ ಸ್ಟುಡಿಯೋಗಳ ಅಟ್ಟದಲ್ಲಿ, ಆನ್‌ಲೈನ್ ಹರಾಜಿನಲ್ಲಿ ಸಿಗುತ್ತವೆ. ಮೈಯೆಲ್ಲ ದಪ್ಪ ಲೋಹ, ಐವತ್ತು ವರ್ಷವಾದರೂ ಅದಕ್ಕೇನೂ ಆಗಿರುವುದಿಲ್ಲ. ಹಾಳಾಗುವುದು ವೈರು. ಸಿಗದೇ ಕಾಡುವುದು ಬಲ್ಬು. ಹಾಗಾಗಿ ಕೊಳ್ಳುವ ಮೊದಲು ಕಂಪನಿಯ ಹೆಸರಿಗಿಂತ ಬಲ್ಬಿನ ಹೋಲ್ಡರ್ ನೋಡಿ ಅನ್ನುವುದು ನನ್ನ ಪಾಠ.

ಕಂಪನಿ ಹೆಸರಿಗೂ ಒಂದು ಕಥೆ ಇದೆ ಅನ್ನಿ. ಮೂಕಿ ಚಿತ್ರಗಳ ಕಾಲದಲ್ಲಿ ಹಾಲಿವುಡ್ ನಂಬಿಕೊಂಡಿದ್ದು ಜಾಸ್ತಿ ಕಾರ್ಬನ್ ಆರ್ಕ್ ದೀಪಗಳನ್ನು, ಅಂದರೆ ಎರಡು ಇದ್ದಿಲ ಕಡ್ಡಿಗಳ ನಡುವೆ ಕರೆಂಟಿನ ಕಿಡಿ ಹಾರಿಸಿ ಬೆಳಕು ಕೊಡುವಂಥವನ್ನು. ಅವು ಗುಂಯ್‌ಗುಡುತ್ತಿದ್ದವು. ಟಾಕಿ ಬಂದ ಮೇಲೆ ಆ ಸದ್ದು ಮೈಕಿಗೆ ಬೀಳತೊಡಗಿತು. ಟಂಗ್‌ಸ್ಟನ್ ದೀಪಕ್ಕೆ ಸದ್ದಿಲ್ಲ. ಅದರ ಬೆಳಕಿನಲ್ಲಿ ಕೆಂಪು ಜಾಸ್ತಿ. ಆದರೆ ಆ ಹೊತ್ತಿಗೆ ಬಂದಿದ್ದ ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಕೆಂಪನ್ನೂ ಹಿಡಿಯುತ್ತಿತ್ತು. 1927ರಲ್ಲಿ ಪೀಟರ್ ಮೋಲ್ ಮತ್ತು ಎಲ್ಮರ್ ರಿಚರ್ಡ್‌ಸನ್ ಸೇರಿ ಮೋಲ್-ರಿಚರ್ಡ್‌ಸನ್ ಕಂಪನಿ ಕಟ್ಟಿ ಟಂಗ್‌ಸ್ಟನ್ ಹಿಂದೆ ಬಿದ್ದರು. ಅವರ ಸೋಲಾರ್‌ಸ್ಪಾಟ್ ದೀಪಕ್ಕೆ 1935ರ ಸಾಲಿನ ಆಸ್ಕರ್ ತಾಂತ್ರಿಕ ಮನ್ನಣೆಯೂ ಸಿಕ್ಕಿತು. ಮೆರೂನ್ ಬಣ್ಣದ ಹಳೇ ದೀಪ ಕಂಡರೆ ಇವರದ್ದಿರಬಹುದು, ಹಿಂದಿನ ತಗಡಿನ ಪಟ್ಟಿ ನೋಡಿ. ಗಾತ್ರಕ್ಕೆ ಅಂಟಿಕೊಂಡ ಹೆಸರುಗಳು ಮನೆಮಂದಿಯನ್ನು ಕರೆದ ಹಾಗಿವೆ: 1000 ವ್ಯಾಟ್‌ನದು ಬೇಬಿ, 2000ದ್ದು ಜೂನಿಯರ್, 5000ದ್ದು ಸೀನಿಯರ್. ಸ್ಟ್ಯಾಂಡಿಗೆ ಸಿಗಿಸುವ 16 ಮಿಲಿಮೀಟರ್ ದಪ್ಪದ ಗೂಟಕ್ಕೆ ಬೇಬಿ ಪಿನ್ ಅಂತಲೂ, 28ರದ್ದಕ್ಕೆ ಜೂನಿಯರ್ ಪಿನ್ ಅಂತಲೂ ಇವತ್ತಿಗೂ ಹೆಸರು. ಇದು ಕೊಳ್ಳುವವರಿಗೆ ಬೇಕಾದ ಮಾತು. ದೀಪ 28ರದ್ದು, ಮನೆಯಲ್ಲಿರುವ ಸ್ಟ್ಯಾಂಡು 16ರದ್ದು ಅಂತಾದರೆ ನಡುವೆ ಒಂದು ಅಡಾಪ್ಟರ್ ಹುಡುಕಬೇಕು.

ಇನ್ನು ಜಾತಿ ಗುರುತಿಸುವುದು. ಎದುರಿಗೆ ದಪ್ಪ ಗಾಜು, ಅದರ ಮೇಲೆ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ ಒಂದರೊಳಗೊಂದು ಬಳೆ ಇದ್ದರೆ ಅದು ಫ್ರೆನೆಲ್. ಆ ಗಾಜು ಮೊದಲು ಹುಟ್ಟಿದ್ದು ಸಮುದ್ರದ ದೀಪಸ್ತಂಭಕ್ಕೆ. ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 1823ರಲ್ಲಿ ಅಲ್ಲಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅದನ್ನು ಕೂರಿಸಿದ. ಗಾಜಿಲ್ಲದೆ ಬಲ್ಬು ನೇರವಾಗಿ ಕಂಡರೆ ಅದು ಓಪನ್ ಫೇಸ್. ರೆಡ್‌ಹೆಡ್ ಅನ್ನುವ 800 ವ್ಯಾಟ್ ದೀಪವೂ ಅದರ ಅಣ್ಣ 2000 ವ್ಯಾಟ್‌ನ ಬ್ಲಾಂಡ್ ಕೂಡ ಈ ಗುಂಪಿನವು. ದೊಡ್ಡ ಬೋಗುಣಿಯಂಥ ತಗಡಿನ ಒಳಗೆ ಒಂದೇ ಬಲ್ಬು ಇದ್ದರೆ ಅದು ಸ್ಕೂಪ್.

ಮನೆ ಬಲ್ಬಿನಂತೆಯೇ ಕಾಣುವ ಫೋಟೋಫ್ಲಡ್ ಅಂತ ಒಂದಿದೆ, ಮೋಸ ಹೋಗಬೇಡಿ. ತಂತಿಯನ್ನು ಅದರ ಶಕ್ತಿ ಮೀರಿ ಉರಿಸಿ ಬೆಳಕು ಹಿಂಡುವ ಬಲ್ಬು ಅದು. ಅದರ ನಂಬರ್ ಒಂದರ ಆಯಸ್ಸು ಹೆಚ್ಚುಕಮ್ಮಿ 3 ಗಂಟೆ ಮಾತ್ರ. ಉದ್ದನೆ ಕಡ್ಡಿ ಹ್ಯಾಲೋಜನ್ ಹಾಕಿದ ಕೈದೀಪವನ್ನಂತೂ ನಮ್ಮಲ್ಲಿ ಕಾಣದವರೇ ಕಮ್ಮಿ. ಮನೆಯಲ್ಲಿ ತೊಂಬತ್ತರ ದಶಕದ ಮದುವೆ ಕ್ಯಾಸೆಟ್ ಇದ್ದರೆ ನೋಡಿ, ಧಾರೆ ಹೊತ್ತಿಗೆ ಹುಡುಗ ಹುಡುಗಿ ಇಬ್ಬರೂ ಕಣ್ಣು ಕಿರಿದು ಮಾಡಿಕೊಂಡಿರುತ್ತಾರೆ. ಕಾರಣ ಹೋಮದ ಹೊಗೆ ಒಂದೇ ಅಲ್ಲ.

ಈಗ ಹೋಲ್ಡರ್. ದೀಪದ ಬಾಗಿಲು ತೆಗೆಯಿರಿ, ಬಲ್ಬು ಬಿಚ್ಚಿ, ಒಂದು ಸ್ಕೇಲ್ ಹಿಡಿಯಿರಿ. ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ 38 ಮಿಲಿಮೀಟರ್ ಇದ್ದರೆ ಅದು ಜಿ38. 22 ಇದ್ದರೆ ಜಿ22. ಒಂಬತ್ತೂವರೆ ಇದ್ದರೆ ಜಿವೈ9.5 ಅಥವಾ ಜಿಎಕ್ಸ್9.5. ಆ ಸಂಖ್ಯೆ ಹೇಳುವುದು ಪಿನ್ನುಗಳ ನಡುವಿನ ಅಂತರವನ್ನೇ. ನಮ್ಮ ವೋಲ್ಟೇಜಿಗೆ ಆಗುವ ಬಲ್ಬುಗಳಲ್ಲಿ ಸಿಪಿ89 ಅಂದರೆ 650 ವ್ಯಾಟ್, ಜಿವೈ9.5. ಸಿಪಿ40 ಅಂದರೆ 1000, ಜಿ22. ಸಿಪಿ41 ಅಂದರೆ 2000, ಜಿ38. ಆದರೆ ಪಿನ್ ಕೂತರೆ ಮುಗಿಯಲಿಲ್ಲ. ಬಲ್ಬಿನೊಳಗಿನ ತಂತಿ ಹಿಂದಿನ ಕನ್ನಡಿಯ ನಡುಮಧ್ಯಕ್ಕೆ ಸರಿಯಾಗಿ ಬರಬೇಕು. ಒಂದಿಷ್ಟು ಮೇಲೆ ಕೆಳಗೆ ಆದರೂ ಬೆಳಕು ಗೋಡೆ ಮೇಲೆ ಸೊಟ್ಟಗೆ, ಮಂಕಾಗಿ ಬೀಳುತ್ತದೆ. ಲೈಟೇ ಸರಿಯಿಲ್ಲ ಅಂತ ಬೈಯುವವರು ಎಷ್ಟೋ ಸಲ ಬಲ್ಬಿನ ಎತ್ತರ ನೋಡಿರುವುದಿಲ್ಲ.

ಅಮೆರಿಕದಿಂದ ಬಂದ ದೀಪವಾದರೆ ಒಳಗಿನ ಬಲ್ಬು 120 ವೋಲ್ಟಿನದ್ದಿರುತ್ತದೆ. ನಮ್ಮ 230ಕ್ಕೆ ಹಾಕಿದರೆ ಬಲ್ಬಿನ ಮೇಲೆ ಮೂರೂವರೆ ಪಟ್ಟಿಗೂ ಮೀರಿದ ಹೊರೆ ಬೀಳುತ್ತದೆ. ತಕ್ಷಣ ಸುಟ್ಟುಹೋಗುತ್ತದೆ, ಸಿಡಿಯಲೂಬಹುದು. ಬಲ್ಬು ಬದಲಿಸಿದರೆ ಮೈ ಹಾಗೇ ಬಳಸಬಹುದು, ಆದರೆ ವೈರು, ಸ್ವಿಚ್ಚು ಎರಡೂ 230ಕ್ಕೆ ತಡೆಯುವಂಥವೇ ಇರಬೇಕು. ಹಳೇ ದೀಪಗಳಲ್ಲಿ ಅರ್ಥ್ ವೈರೇ ಇಲ್ಲದ್ದು ಬೇಕಾದಷ್ಟಿವೆ. ಮೈಯೆಲ್ಲ ಲೋಹ, ಅರ್ಥ್ ಇಲ್ಲದೆ ಮುಟ್ಟುವುದು ಬೇಡವೇ ಬೇಡ. ಒಳಗಿನ ವೈರಿಗೆ ಬೂದುಬಿಳಿ ಬಣ್ಣದ, ಜುಂಗುಜುಂಗಾದ ಬಟ್ಟೆಯಂಥ ಕವಚ ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಕೆರೆಯಬೇಡಿ, ಊದಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಥದ್ದನ್ನು ಕಮ್ಮಿ ಬೆಲೆಗೆ ಕೊಟ್ಟರೂ ನಾನಂತೂ ಬಿಟ್ಟುಬರುತ್ತೇನೆ.

2000 ವ್ಯಾಟ್ ದೀಪ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಸಾಕೆಟ್ಟಿಗಲ್ಲ, ಗೀಸರಿನ ಪವರ್ ಸಾಕೆಟ್ಟಿಗೆ ಹಾಕಿ. ಎಕ್ಸ್‌ಟೆನ್ಷನ್ ವೈರನ್ನು ಸುತ್ತಿಟ್ಟೇ ಬಳಸಬೇಡಿ, ಪೂರ್ತಿ ಬಿಚ್ಚಿ ಹಾಸಿ.

ಇಷ್ಟೆಲ್ಲ ಪಾಡು ಯಾಕೆ ಅಂತ ಕೇಳಬಹುದು. ಒಂದು ಫ್ರೆನೆಲ್ ಹಚ್ಚಿ, ಯಾರನ್ನಾದರೂ ಕೂರಿಸಿ ನೋಡಿ. ದೀಪ ಮುಖಕ್ಕಿಂತ ಎತ್ತರದಲ್ಲಿ, ಒಂದು ಪಕ್ಕಕ್ಕೆ. ಹಿಂದಿನ ಗುಂಡಿ ತಿರುಗಿಸಿದಾಗ ಒಳಗೆ ಬಲ್ಬು, ಕನ್ನಡಿ ಎರಡೂ ಒಟ್ಟಿಗೆ ಹಿಂದೆ ಮುಂದೆ ಸರಿಯುತ್ತವೆ. ಗಾಜಿನ ಹತ್ತಿರ ಬಂದರೆ ಬೆಳಕು ಹರಡುತ್ತದೆ, ಇದು ಫ್ಲಡ್. ದೂರ ಸರಿದರೆ ಒಂದೇ ಕಡೆ ಕೂಡುತ್ತದೆ, ಇದು ಸ್ಪಾಟ್. ಸ್ಪಾಟಿನಲ್ಲೇ ನೆರಳು ಚೂಪು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಿಜ ಉಲ್ಟಾ. ಫ್ಲಡ್‌ನಲ್ಲಿ ಮೂಗಿನ ನೆರಳಿಗೆ ಗೆರೆ ಎಳೆದಂಥ ಅಂಚು ಬರುತ್ತದೆ, ಯಾಕೆಂದರೆ ಆಗ ಬೆಳಕು ಹೊರಡುವುದು ಗಾಜಿನ ಸಣ್ಣ ಭಾಗದಿಂದ. ಸ್ಪಾಟ್‌ನಲ್ಲಿ ಗಾಜು ಪೂರ್ತಿ ಬೆಳಗುತ್ತದೆ, ಅಂಚು ಮೆತ್ತಗಾಗುತ್ತದೆ. ದೀಪದ ಮುಂದಿನ ನಾಲ್ಕು ತಗಡಿನ ಬಾಗಿಲುಗಳು, ಅಂದರೆ ಬಾರ್ನ್‌ಡೋರ್, ಬೆಳಕನ್ನು ನೀಟಾಗಿ ಕತ್ತರಿಸುವುದೂ ಫ್ಲಡ್‌ನಲ್ಲೇ. ಇದೆಲ್ಲ ಕಣ್ಣೆದುರೇ ಆಗುತ್ತದೆ. ಫ್ಲಾಶಿನಲ್ಲಿ ಇಷ್ಟು ನಿಖರವಾಗಿ ಮೊದಲೇ ಕಾಣುವುದಿಲ್ಲ ಅಲ್ವಾ?

ಮೆತ್ತನೆ ಬೆಳಕು ಬೇಕಿದ್ದರೆ ದೀಪವನ್ನು ಬಿಳಿ ಗೋಡೆಗೋ ಬಟ್ಟೆಗೋ ತಿರುಗಿಸಿ. ಐವತ್ತರ ದಶಕದಲ್ಲಿ ಸತ್ಯಜಿತ್ ರಾಯ್ ಅವರ ಕ್ಯಾಮೆರಾಮನ್ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ದೀಪ ಹೊಡೆದು, ಕಾಶಿಯ ಮನೆಯಂಗಳದ ಹಗಲನ್ನು ಸ್ಟುಡಿಯೋದೊಳಗೇ ತಂದಿದ್ದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್'ಗೆ ತೆಗೆದ ಆ ಹೆಸರಾದ ಬೆಳಕಿನ ಕೋಲಿಗೆ ಕನ್ನಡಿಗಳಲ್ಲಿ ಹಿಡಿದು ತಂದ ಬಿಸಿಲನ್ನೇ ಬಳಸಿದ್ದರು. ದೀಪ ಇದ್ದಮಾತ್ರಕ್ಕೆ ಹಚ್ಚಲೇಬೇಕು ಅಂತೇನಿಲ್ಲ. ಒಂದು ಎಚ್ಚರಿಕೆ: ಥರ್ಮೋಕೋಲ್ ಹಾಳೆಗೆ ಹೊಡೆಯುವುದಾದರೆ ದೂರ ಇಡಿ, ಕರಗಿ ಹೊತ್ತಿಕೊಳ್ಳುತ್ತದೆ.

ಬಣ್ಣದ ವಿಷಯ ಸುಲಭ. ಬೆಳಕಿನ ಬಣ್ಣ ಅಳೆಯುವುದು ಕೆಲ್ವಿನ್‌ನಲ್ಲಿ, ಸಂಖ್ಯೆ ಕಮ್ಮಿಯಾದಷ್ಟೂ ಕೆಂಪು, ಜಾಸ್ತಿಯಾದಷ್ಟೂ ನೀಲಿ. ಹಾಟ್ ಲೈಟ್ ಸಾಮಾನ್ಯವಾಗಿ 3200 ಕೆಲ್ವಿನ್, ಫೋಟೋಫ್ಲಡ್ 3400. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಟಂಗ್‌ಸ್ಟನ್‌ಗೆ ಇಟ್ಟರೆ ಆಯಿತು. ಇದಕ್ಕಿಂತ ನೀಲಿಯಾದ ಕಿಟಕಿ ಬೆಳಕಿನ ಜೊತೆ ಬೆರೆಸಬೇಕಿದ್ದರೆ ದೀಪದ ಮುಂದೆ ನೀಲಿ ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ ಬೇಕು. ಪೂರ್ತಿ ನೀಲಿ ಹಾಕಿದರೆ ಮೂರರಲ್ಲಿ ಒಂದು ಪಾಲು ಬೆಳಕಷ್ಟೇ ಉಳಿಯುತ್ತದೆ. ಕರ್ಟನ್ ಎಳೆಯುವುದೇ ವಾಸಿ. ಡಿಮ್ಮರ್ ಇಳಿಸಿದರೆ ಬೆಳಕು ಕಮ್ಮಿಯಾಗುವುದರ ಜೊತೆ ಕೆಂಪಗೂ ಆಗುತ್ತದೆ. ದೀಪವನ್ನು ಹಿಂದೆ ಸರಿಸಿ, ಇಲ್ಲವೇ ಮುಂದೆ ತಂತಿಜಾಲರಿ ಸಿಗಿಸಿ.

ಹ್ಯಾಲೋಜನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಬೆವರು, ಎಣ್ಣೆ ಬಲ್ಬಿನ ಕ್ವಾರ್ಟ್ಜ್ ಗಾಜಿನ ಮೇಲೆ ಕೂತರೆ ಬಿಸಿಗೆ ಆ ಜಾಗ ಬೆಳ್ಳಗಾಗಿ ಸೋಲುತ್ತದೆ. ಹತ್ತಿ ಬಟ್ಟೆಯಲ್ಲಿ ಹಿಡಿಯಿರಿ, ತಪ್ಪಿ ಮುಟ್ಟಿದರೆ ತಣ್ಣಗಿರುವಾಗಲೇ ಸ್ಪಿರಿಟಿನಲ್ಲಿ ಒರೆಸಿ. ಉರಿಯುವಾಗ ಸ್ಟ್ಯಾಂಡ್ ಎಳೆದಾಡಬೇಡಿ, ಕಾದ ತಂತಿ ಸಣ್ಣ ಕುಲುಕಿಗೂ ತುಂಡಾಗುತ್ತದೆ. ಶೂಟ್ ಮುಗಿದ ಮೇಲೆ ಆರಿಸಿ, ಬಾರ್ನ್‌ಡೋರ್ ತೆರೆದೇ ಬಿಡಿ. ಲೋಹ ಕೈಗೆ ತಣ್ಣಗೆ ತಾಗಿದ ಮೇಲೆ ಬಾಗಿಲು ಮಡಚಿ ಪೆಟ್ಟಿಗೆಗೆ ಹಾಕಿ.