ವೈಫೈ ಡ್ರೈವರ್ ಲಿಂಕ್ ಕಳಿಸಿ ಅನ್ನುವವರಿಗೆ

ಪ್ರಶ್ನೆ: ಲ್ಯಾಪ್‌ಟಾಪಿಗೆ ಉಬುಂಟು ಹಾಕಿದೆ. ಸ್ಕ್ರೀನ್, ಸೌಂಡ್, ಟಚ್‌ಪ್ಯಾಡ್ ಎಲ್ಲಾ ಸರಿ ಇದೆ. ವೈಫೈ ಮಾತ್ರ ಬರುತ್ತಿಲ್ಲ. ಕಂಪನಿ ವೆಬ್‌ಸೈಟಿನಲ್ಲಿ ನನ್ನ ಮಾಡೆಲ್ ಹಾಕಿ ಹುಡುಕಿದರೆ ವಿಂಡೋಸ್ ಡ್ರೈವರ್ ಮಾತ್ರ ಸಿಗುತ್ತದೆ. ಲಿನಕ್ಸ್ ಡ್ರೈವರ್ ಲಿಂಕ್ ಇದ್ದರೆ ದಯವಿಟ್ಟು ಕಳಿಸಿ ಸರ್.

ಲಿಂಕ್ ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಲಿಂಕ್ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಎಲ್ಲರೂ ಲ್ಯಾಪ್‌ಟಾಪಿನ ಹೆಸರು ಹೇಳುತ್ತಾರೆ, ಯಾವ ವರ್ಷ ಕೊಂಡದ್ದು ಅಂತ ಹೇಳುತ್ತಾರೆ. ಒಳಗಿರುವ ವೈಫೈ ಚಿಪ್ ಯಾವುದು ಅಂತ ಒಬ್ಬರೂ ಹೇಳುವುದಿಲ್ಲ. ಅದಿಲ್ಲದೆ ಉತ್ತರ ಕೊಡುವುದೆಂದರೆ ಗಾಡಿಯ ಬಣ್ಣ ಕೇಳಿ ಆರ್‌ಸಿ ಹುಡುಕಿದ ಹಾಗೆ.

ಮೊದಲು ನೆಟ್‌ಗೆ ಒಂದು ದಾರಿ ಮಾಡಿಕೊಳ್ಳಿ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅಷ್ಟೇ, ನೆಟ್ ಬರುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಫೋನು ಮನೆಯ ವೈಫೈಗೆ ಸೇರಿದ್ದರೆ ಅದೇ ನೆಟ್ ಹಂಚಿಕೆಯಾಗುತ್ತದೆ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಕೇಬಲ್ ಮಾತ್ರ ಬರೀ ಚಾರ್ಜಿಂಗ್‌ನದ್ದಾಗಿರಬಾರದು.

ಈಗ ಆ ಡ್ರೈವರ್ ವಿಷಯಕ್ಕೆ, ಅಂದರೆ ಚಿಪ್ ಜೊತೆ ಸಿಸ್ಟಮ್ ಮಾತಾಡಲು ಬೇಕಾದ ಪ್ರೋಗ್ರಾಮಿನ ವಿಷಯಕ್ಕೆ ಬರೋಣ. ಡ್ರೈವರ್ ಅಂದರೆ ಕಂಪನಿಯವರು ಕೊಡುವ ಒಂದು ಫೈಲು, ಅದನ್ನು ಡೌನ್‌ಲೋಡ್ ಮಾಡಿ ಹಾಕಬೇಕು. ಈ ನಂಬಿಕೆ ನಮ್ಮಲ್ಲಿ ತುಂಬಾ ಗಟ್ಟಿ. ಎಲ್ಲಿಂದ ಬಂತು ಅಂತಲೂ ಗೊತ್ತು. ಎಕ್ಸ್‌ಪಿ ಕಾಲದಲ್ಲಿ ಸಿಸ್ಟಮ್ ಫಾರ್ಮ್ಯಾಟ್ ಮಾಡಿಸಲು ಹೋದರೆ ಅಂಗಡಿಯವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಮದರ್‌ಬೋರ್ಡ್ ಸಿಡಿ ಇದೆಯಾ?" ಆ ಸಿಡಿ ಕಳೆದರೆ ಸೌಂಡ್ ಇಲ್ಲ, ನೆಟ್ ಇಲ್ಲ. ವಿಂಡೋಸಿನಲ್ಲಿ ಅದು ಸರಿಯೇ. ಅಲ್ಲಿ ಸಿಸ್ಟಮ್ ಒಬ್ಬರದು, ಚಿಪ್ ಇನ್ನೊಬ್ಬರದು, ಡ್ರೈವರ್ ಚಿಪ್‌ನವರು ಬರೆದು ಹೊರಗಿನಿಂದ ತಂದು ಸೇರಿಸುತ್ತಾರೆ.

ಲಿನಕ್ಸಿನಲ್ಲಿ ಡ್ರೈವರ್ ಇರುವ ಜಾಗವೇ ಬೇರೆ. ಅದು ಕರ್ನಲ್‌ನ, ಅಂದರೆ ಸಿಸ್ಟಮ್ಮಿನ ತಿರುಳಿನ, ಒಳಗೇ ಇರುತ್ತದೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ ಆ ಕರ್ನಲ್‌ನ ಮೂಲ ಕೋಡಿನಲ್ಲಿ ಇವತ್ತು ಅರ್ಧಕ್ಕಿಂತ ಜಾಸ್ತಿ ಭಾಗ ಬರೀ ಡ್ರೈವರ್‌ಗಳೇ. ಇಂಟೆಲ್ ವೈಫೈ ಡ್ರೈವರನ್ನು ಬರೆಯುವವರು ಇಂಟೆಲ್‌ನ ಎಂಜಿನಿಯರುಗಳೇ. ಆದರೆ ಅವರು ಅದನ್ನು ನಿಮಗೆ ಕಳಿಸುವುದಿಲ್ಲ, ಕರ್ನಲ್‌ಗೆ ಕಳಿಸುತ್ತಾರೆ. ಅಲ್ಲಿಂದ ಉಬುಂಟು, ಡೆಬಿಯನ್, ಫೆಡೋರಾ ಹೀಗೆ ಎಲ್ಲಾ ಬಗೆಯ ಲಿನಕ್ಸಿಗೂ ಹೋಗುತ್ತದೆ. ನೀವು ಉಬುಂಟು ಹಾಕಿದ ದಿನವೇ ಸಾವಿರಾರು ಡ್ರೈವರುಗಳು ನಿಮ್ಮ ಡಿಸ್ಕಿಗೆ ಬಂದು ಕೂತಿವೆ. ನಿಮ್ಮ ಸೌಂಡು, ಟಚ್‌ಪ್ಯಾಡ್ ಯಾವ ಸಿಡಿಯೂ ಇಲ್ಲದೆ ಕೆಲಸ ಮಾಡುತ್ತಿವೆಯಲ್ಲ, ಅದು ಹೇಗೆ ಅಂದುಕೊಂಡಿರಿ?

ಚಿಪ್‌ಗೂ ಡ್ರೈವರ್‌ಗೂ ಗಂಟು ಹಾಕುವುದು ಒಂದು ಜೋಡಿ ನಂಬರ್. ಪ್ರತಿ ಚಿಪ್‌ನಲ್ಲಿ ಎರಡು ನಂಬರ್ ಇರುತ್ತವೆ, ಒಂದು ತಯಾರಕರದು, ಇನ್ನೊಂದು ಆ ಚಿಪ್‌ನದು. ಇಂಟೆಲ್‌ನ ತಯಾರಕ ನಂಬರ್ 8086. ಹೌದು, 1978ರ ಅವರ ಹೆಸರಾಂತ ಪ್ರೊಸೆಸರಿನ ಅದೇ ಸಂಖ್ಯೆ. ನನಗೆ ಇದು ಪ್ರತಿ ಸಲ ನೋಡಿದಾಗಲೂ ಖುಷಿ ಕೊಡುತ್ತದೆ. ಬ್ರಾಡ್‌ಕಾಮ್‌ನದು 14ಇ4, ರಿಯಲ್‌ಟೆಕ್‌ನದು 10ಇಸಿ. ಪ್ರತಿ ಡ್ರೈವರ್ ತನಗೆ ಯಾವ ಯಾವ ನಂಬರ್ ಗೊತ್ತು ಅಂತ ಪಟ್ಟಿ ಇಟ್ಟುಕೊಂಡಿರುತ್ತದೆ. ಸಿಸ್ಟಮ್ ಆನ್ ಆದಾಗ ಪಟ್ಟಿಯಲ್ಲಿ ನಂಬರ್ ಸಿಕ್ಕಿದರೆ ಆ ಡ್ರೈವರ್ ತಾನಾಗಿ ಏಳುತ್ತದೆ. ಲ್ಯಾಪ್‌ಟಾಪ್ ಕಂಪನಿಯ ಹೆಸರು ಈ ಲೆಕ್ಕದಲ್ಲಿ ಎಲ್ಲೂ ಬರುವುದೇ ಇಲ್ಲ. ಅದಕ್ಕೇ ಮಾಡೆಲ್ ಹಾಕಿ ಹುಡುಕಿದರೆ ನಿಮಗೆ ಏನೂ ಸಿಗಲಿಲ್ಲ.

"ಆದರೆ ಸರ್, ಚಿಪ್ ಹೆಸರು ಹಾಕಿ ಹುಡುಕಿದಾಗ ಒಂದು ಟಾರ್ ಫೈಲ್ ಸಿಕ್ಕಿತು" ಅನ್ನುತ್ತಾರೆ. ಸಿಗುತ್ತದೆ, ಡ್ರೈವರಿನ ಮೂಲ ಕೋಡನ್ನು ಗಂಟು ಕಟ್ಟಿದ ಫೈಲ್ ಅದು. ನನ್ನ ಹತ್ತಿರ ಒಬ್ಬ ಹುಡುಗ ಅಂಥ ಫೈಲ್ ಹಿಡಿದುಕೊಂಡೇ ಬಂದಿದ್ದ. ಎರಡು ದಿನ ಅದನ್ನು ಕಂಪೈಲ್ ಮಾಡಲು, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಲು, ಒದ್ದಾಡಿದ್ದ, ಪರದೆ ತುಂಬ ಎರರ್. ತೆಗೆದು ನೋಡಿದರೆ ಅದು 2.6 ಅನ್ನುವ ತುಂಬಾ ಹಳೆಯ ಆವೃತ್ತಿಯ ಕರ್ನಲ್‌ಗೆ ಬರೆದದ್ದು. ಅವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 5.4. ಕರ್ನಲ್ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಲೇ ಇರುತ್ತವೆ. ಅವು ಹೀಗೇ ಇರುತ್ತವೆ ಅಂತ ಕರ್ನಲ್‌ನವರು ಯಾರಿಗೂ ಮಾತು ಕೊಟ್ಟಿಲ್ಲ. ಒಳಗೆ ಒಂದು ಫಂಕ್ಷನ್ ಬದಲಾಯಿಸಿದವರು ಕರ್ನಲ್‌ನಲ್ಲೇ ಇರುವ ಎಲ್ಲಾ ಡ್ರೈವರುಗಳನ್ನೂ ಅದಕ್ಕೆ ತಕ್ಕಂತೆ ತಿದ್ದುತ್ತಾರೆ. ಹೊರಗೆ ಉಳಿದ ಟಾರ್ ಫೈಲನ್ನು ತಿದ್ದುವವರು ಯಾರೂ ಇಲ್ಲ.

ಕಷ್ಟಪಟ್ಟು ಕಂಪೈಲ್ ಆಯಿತು ಅಂತಲೇ ಇಟ್ಟುಕೊಳ್ಳಿ. ವೈಫೈ ಬಂತು, ನೀವು ಕುಣಿದಾಡಿದಿರಿ. ಮೂರು ವಾರ ಬಿಟ್ಟು ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬರುತ್ತದೆ. ನೀವು ಕಂಪೈಲ್ ಮಾಡಿದ ಡ್ರೈವರ್ ಹಳೆಯ ಕರ್ನಲ್‌ಗೆ ಅಂಟಿಕೊಂಡಿರುತ್ತದೆ, ವೈಫೈ ಮತ್ತೆ ಮಾಯ. ಆಗ "ಅಪ್‌ಡೇಟ್ ಮಾಡಿದರೆ ಲಿನಕ್ಸ್ ಹಾಳಾಗುತ್ತದೆ" ಅನ್ನುವ ಮಾತು ಹುಟ್ಟುತ್ತದೆ. ಜನ ಅಪ್‌ಡೇಟನ್ನೇ ನಿಲ್ಲಿಸಿಬಿಡುತ್ತಾರೆ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲಿ. ನಿಮ್ಮ ವೈಫೈ ಸರಿಯಾಗುವ ದಾರಿಯೇ ಬಹಳ ಸಲ ಅಪ್‌ಡೇಟ್ ಆಗಿರುತ್ತದೆ!

ಒಂದು ಉದಾಹರಣೆ. ಇಂಟೆಲ್‌ನ ಎಎಕ್ಸ್210 ವೈಫೈ ಕಾರ್ಡಿಗೆ 5.10 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು. ಉಬುಂಟು 20.04 ಹೊರಬಂದಾಗ ಅದರಲ್ಲಿ ಇದ್ದದ್ದು 5.4. ಹಳೆಯ ಪೆನ್‌ಡ್ರೈವ್‌ನಿಂದ ಹಾಕಿದವರಿಗೆ ವೈಫೈ ಇಲ್ಲ. ಅದೇ 20.04ಕ್ಕೆ ಮುಂದೆ ಅಪ್‌ಡೇಟ್‌ನಲ್ಲಿ 5.11 ಬಂತು. ಅಪ್‌ಡೇಟ್ ಮಾಡಿದವರಿಗೆ ವೈಫೈ ಬಂತು. ಯಾರೂ ಯಾವ ಲಿಂಕನ್ನೂ ಒತ್ತಲಿಲ್ಲ. ಹಾಗಾಗಿ ಹೊಸ ಲ್ಯಾಪ್‌ಟಾಪಿಗೆ ಗೆಳೆಯರ ಹತ್ತಿರ ಇರುವ ಎರಡು ವರ್ಷ ಹಳೆಯ ಪೆನ್‌ಡ್ರೈವ್ ತಂದು ಸುಮ್ನೆ ಹಾಕಬೇಡಿ. ಹಾಕಿದ್ದರೆ ಫೋನ್ ಸಿಕ್ಕಿಸಿ, ಪೂರ್ತಿ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ. ಅರ್ಧ ಜನರ ಕೆಲಸ ಇಲ್ಲಿಗೇ ಮುಗಿಯಬೇಕು.

ಮುಗಿಯಲಿಲ್ಲವಾ? ಕಮಾಂಡ್ ಬರೆಯುವ ಕಿಟಕಿ, ಅಂದರೆ ಟರ್ಮಿನಲ್ ತೆಗೆಯಿರಿ. ಎಲ್‌ಎಸ್‌ಪಿಸಿಐ ಅನ್ನುವ ಕಮಾಂಡನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಬರೆದು, ಸ್ಪೇಸ್ ಬಿಟ್ಟು, ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಎನ್‌ಎನ್‌ಕೆ. ಉದ್ದ ಪಟ್ಟಿ ಬರುತ್ತದೆ. ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ಸಾಲನ್ನು ಹುಡುಕಿ. ಚಿಪ್‌ನ ಹೆಸರೂ ಚೌಕ ಕಂಸದಲ್ಲಿ ನಂಬರೂ ಇರುತ್ತವೆ. ಎಎಕ್ಸ್210 ಆದರೆ 8086:2725. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅನ್ನುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಡ್ರೈವರ್ ಎದ್ದಿಲ್ಲ, ನಂಬರ್ ಇಟ್ಟುಕೊಂಡು ಯಾವ ಕರ್ನಲ್ ಬೇಕು ಅಂತ ಹುಡುಕಿ. ಇದ್ದರೆ ಡ್ರೈವರ್ ಬಂದಾಗಿದೆ, ಡ್ರೈವರ್ ಹುಡುಕುವುದನ್ನು ದಯವಿಟ್ಟು ಬಿಟ್ಟುಬಿಡಿ. ತೊಂದರೆ ಬೇರೆ ಕಡೆ ಇದೆ.

ಆ ಬೇರೆ ಕಡೆ ಅಂದರೆ ಬಹಳ ಸಲ ಫರ್ಮ್‌ವೇರ್. ವೈಫೈ ಚಿಪ್ ಒಳಗೇ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಸಿಸ್ಟಮ್ ಆನ್ ಆದಾಗಲೆಲ್ಲ ಡ್ರೈವರ್ ತುಂಬಿಸಬೇಕು. ಇದರ ಮೂಲ ಕೋಡನ್ನು ಚಿಪ್ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಅದು ಕರ್ನಲ್ ಹೊರಗೆ ಬೇರೆ ಪ್ಯಾಕೇಜಾಗಿ ಇರುತ್ತದೆ. ಉಬುಂಟುವಿನಲ್ಲಿ ಜೊತೆಗೇ ಬರುತ್ತದೆ. ಡೆಬಿಯನ್‌ನವರು ತತ್ವದ ಕಾರಣಕ್ಕೆ ಬಹಳ ವರ್ಷ ಇದನ್ನು ಹೊರಗಿಟ್ಟಿದ್ದರು. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿದರು, 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಒಳಗೇ ಇದೆ. ಡಿ, ಎಂ, ಇ, ಎಸ್, ಜಿ ಅನ್ನುವ ಐದಕ್ಷರದ ಕಮಾಂಡಿನ ಮುಂದೆ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಪದ) ಸೇರಿಸಿ ಕೊಟ್ಟರೆ ಕರ್ನಲ್ ಆಡಿದ ಮಾತೆಲ್ಲ ಕಾಣುತ್ತದೆ. ಅಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಅಂತ ಇದ್ದರೆ ಫೈಲ್ ಸಿಗಲಿಲ್ಲ ಅಂತ ಅರ್ಥ. ಆದರೆ ಅಲ್ಲೇ ನಿಲ್ಲಬೇಡಿ, ಕೆಳಗಿನ ಸಾಲುಗಳನ್ನೂ ಓದಿ. ಇಂಟೆಲ್ ಡ್ರೈವರ್ ಮೊದಲು ಹೊಸ ಫರ್ಮ್‌ವೇರ್ ಹುಡುಕುತ್ತದೆ, ಸಿಗದಿದ್ದರೆ ಒಂದೊಂದೇ ಮೆಟ್ಟಿಲು ಇಳಿದು ಹಳೆಯದನ್ನು ಹಿಡಿಯುತ್ತದೆ. ಮೇಲೆ ನಾಲ್ಕು ಎರರ್, ಐದನೇ ಸಾಲಿನಲ್ಲಿ ಲೋಡೆಡ್ ಅಂತ ಇದ್ದರೆ ಎಲ್ಲಾ ಸರಿ ಇದೆ.

ಇನ್ನು ಕೆಲವು ಸಣ್ಣವು. ಪಕ್ಕದಲ್ಲಿ ವಿಂಡೋಸ್ ಕೂಡ ಇದೆಯಾ? ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಲಿನಕ್ಸ್‌ಗೆ ಬಂದಾಗ ಕಾರ್ಡ್ ಕೆಲವೊಮ್ಮೆ ಏಳುವುದಿಲ್ಲ. ಕೀಬೋರ್ಡಿನಲ್ಲಿ ವಿಮಾನದ ಚಿತ್ರದ ಕೀ ಒತ್ತಿಹೋಗಿದೆಯಾ ನೋಡಿ, ಇದರಿಂದಲೂ ಸಂಜೆಗಳೇ ಹಾಳಾಗಿವೆ. ಬ್ರಾಡ್‌ಕಾಮ್‌ನ ಕೆಲವು ಚಿಪ್‌ಗಳಿಗೆ ಮಾತ್ರ ಡ್ರೈವರನ್ನು ಬೇರೆ ಹಾಕಲೇಬೇಕು. ಅದೂ ಕಂಪನಿ ಸೈಟಿನಿಂದಲ್ಲ, ಉಬುಂಟುವಿನಲ್ಲೇ ಇರುವ ಅಡಿಷನಲ್ ಡ್ರೈವರ್ಸ್ ಅನ್ನುವ ಆಪ್‌ನಿಂದ. ಹೀಗೆ ಬಂದ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ತಾನಾಗಿ ಮತ್ತೆ ಕಂಪೈಲ್ ಆಗುತ್ತದೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡನ್ನು ತಡೆಯುವ ಕಾವಲು) ಆನ್ ಇದ್ದರೆ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅಲ್ಲಿ ಹೆದರಿ ಕಂಟಿನ್ಯೂ ಬೂಟ್ ಒತ್ತಬೇಡಿ. ಎನ್‌ರೋಲ್ ಅನ್ನುವುದನ್ನು ಆರಿಸಿ ಅದೇ ಪಾಸ್‌ವರ್ಡ್ ಕೊಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟು ಮಾಡಿಯೂ ಬರದಿದ್ದರೆ ಕಾರ್ಡನ್ನೇ ಬದಲಿಸಬಹುದು. ಬಹಳ ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡ್ ಬೆರಳಗಲದ ಒಂದು ತುಂಡು, ಒಂದೇ ಸ್ಕ್ರೂ. ಕೆಲವದರಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮೊದಲು ತಳ ತೆಗೆದು ನೋಡಿ. ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಎಎಕ್ಸ್210 ಅಂತಲೇ ಕೇಳಿ. ಎಎಕ್ಸ್211 ಕೊಟ್ಟರೆ ತೆಗೆದುಕೊಳ್ಳಬೇಡಿ. ನಂಬರ್ ದೊಡ್ಡದು, ನೋಡಲು ಒಂದೇ ಥರ, ಸ್ಲಾಟಿನಲ್ಲಿ ಕೂರುತ್ತದೆ ಕೂಡ. ಆದರೆ 211 ಅರ್ಧ ಕಾರ್ಡ್. ಉಳಿದರ್ಧ ಅದಕ್ಕೆ ಹೊಂದುವ ಇಂಟೆಲ್ ಪ್ರೊಸೆಸರ್ ಅಥವಾ ಚಿಪ್‌ಸೆಟ್ ಒಳಗೆ ಇರುತ್ತದೆ. ಎಎಂಡಿ ಲ್ಯಾಪ್‌ಟಾಪಿನಲ್ಲಿ ಅದು ಏಳುವುದೇ ಇಲ್ಲ. ಎಎಕ್ಸ್200 ಮತ್ತು 201ರ ನಡುವೆಯೂ ಇದೇ ವ್ಯತ್ಯಾಸ. ಕೆಲವು ಹಳೆಯ ಲ್ಯಾಪ್‌ಟಾಪುಗಳ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮ್) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಬಿಡುವುದಿಲ್ಲ, ಇದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಹಳೆಯ ಕಾರ್ಡ್ ಬಿಚ್ಚುವ ಮುಂಚೆ ಬ್ಯಾಟರಿ ಕನೆಕ್ಟರ್ ತೆಗೆಯಿರಿ, ಎರಡು ಆಂಟೆನಾ ತಂತಿಗಳ ಫೋಟೋ ತೆಗೆದುಕೊಳ್ಳಿ. ಹೊಸದಕ್ಕೆ ಹಾಕುವಾಗ ತಂತಿಯ ತುದಿಯನ್ನು ಗುಂಡಿಯ ಮೇಲೆ ನೇರವಾಗಿ ಇಟ್ಟು, ಸರಿಯಾಗಿ ಕೂತಿದೆ ಅಂತ ಬೆರಳಿಗೆ ಗೊತ್ತಾದ ಮೇಲೆ ಒತ್ತಿ. ಓರೆಯಾಗಿ ಒತ್ತಿದರೆ ಆ ತುದಿ ಚಪ್ಪಟೆಯಾಗುತ್ತದೆ, ಮತ್ತೆ ಕೂರುವುದಿಲ್ಲ.